ಓದಿ ಹೇಳಿದವಳು

ಅಕ್ಟೋಬರ್ 9, ಸೋಮವಾರ

ಇವತ್ತು ಅಕ್ಕ ನನಗಾಗಿ ಸುಳ್ಳು ಹೇಳಿದಳು. ನಾನು ಪಕ್ಕದಲ್ಲೇ ಕೂತು ಹೇಳಲು ಬಿಟ್ಟೆ.

"ಇನ್ನೊಂದ್ಸಲ ಸೂಜಿ ಪರೀಕ್ಷೆ ಮಾಡಿಸಿ ಅಂತ ಮಾರ್ಚ್‌ನಲ್ಲೇ ರಿಪೋರ್ಟಿನಲ್ಲಿ ಬರೆದಿತ್ತಲ್ಲ. ಏಳು ತಿಂಗಳು ಎಲ್ಲಿಗೆ ಹೋಗಿದ್ರಿ?" ಎಂದು ಡಾಕ್ಟರು ಕೇಳಿದರು. ಆಗ ಅವರು ಅಕ್ಕನ ಬೆನ್ನ ಹಿಂದೆ ನಿಂತು, ಎರಡೂ ಕೈಯಿಂದ ಅವಳ ಕತ್ತಿನ ಗಂಟನ್ನು ಒತ್ತಿ ನೋಡುತ್ತಿದ್ದರು. ಮಾರ್ಚ್‌ನಲ್ಲಿ ಬಟಾಣಿಯಷ್ಟಿದ್ದದ್ದು ಈಗ ನಿಂಬೆಹಣ್ಣಿನಷ್ಟಾಗಿದೆ. ದನಿ ಒಡೆದು ಮೂರು ವಾರವಾಯಿತು.

"ನಂದೇ ತಪ್ಪು ಡಾಕ್ಟ್ರೇ. ಇವತ್ತು ನಾಳೆ ಅಂತ ಮುಂದೂಡ್ಕೊಂಡು ಬಂದೆ" ಎಂದಳು ಅಕ್ಕ.

ಮುಂದೂಡುವ ಹೆಂಗಸೇ ಅವಳು? ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಷ್ಟು ಹೊತ್ತಿಗೆ ಯಾವ ಅಂಕಣದಿಂದ ಹೊರಡುತ್ತದೆ ಎಂದು ಸಾರುವವಳು. ಎರಡು ನಿಮಿಷ ತಡವಾದರೂ "ಪ್ರಯಾಣಿಕರು ದಯವಿಟ್ಟು ಕ್ಷಮಿಸಬೇಕು" ಎನ್ನುವವಳು. ಮಾರ್ಚ್‌ನಲ್ಲಿ ಆ ರಿಪೋರ್ಟನ್ನು ಓದಿ, "ಏನೂ ಇಲ್ಲ ಕಣೇ, ಆರಾಮಾಗಿರು" ಎಂದವಳು ನಾನು. ಅದು ಅವಳಿಗೂ ನೆನಪಿದೆ, ನನಗೂ ನೆನಪಿದೆ.

ನಾನು ಬಾಯಿ ತೆರೆಯಬೇಕೆನ್ನುವಷ್ಟರಲ್ಲಿ ಡಾಕ್ಟರು ಮುಂದಿನ ಮಾತಿಗೆ ಹೋಗಿದ್ದರು. ಹಾಗಂತ ಬರೆಯುತ್ತಿದ್ದೇನೆ. ಅವರು ಅಷ್ಟೇನೂ ಬೇಗ ಹೋಗಲಿಲ್ಲ.

ಅಕ್ಟೋಬರ್ 11, ಬುಧವಾರ

ನ್ಯಾಯ ಅಂದರೆ ನ್ಯಾಯ. ಇಲ್ಲಿ ಯಾರೂ ಓದುವವರಿಲ್ಲ, ಇದ್ದದ್ದನ್ನು ಇದ್ದಹಾಗೆ ಬರೆಯುತ್ತೇನೆ.

ರಿಪೋರ್ಟಿನಲ್ಲಿ ಇದ್ದದ್ದು ಒಂದೇ ಪದ: ನಾನ್‌ಡಯಾಗ್ನಾಸ್ಟಿಕ್. ಡಯಾಗ್ನೋಸಿಸ್ ಅಂದರೆ ರೋಗ ಗುರುತಿಸುವುದು. ನಾನ್ ಅಂದರೆ ಇಲ್ಲ. ಎರಡನ್ನೂ ಕೂಡಿಸಿದರೆ, ರೋಗ ಗುರುತಿಸಲಿಲ್ಲ. ಅಂದರೆ ರೋಗವಿಲ್ಲ. ಶಾಲೆಯ ಗ್ರಂಥಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಪುಸ್ತಕಗಳ ನಡುವೆ ಇರುವವಳು ಹೀಗೆ ಓದಿದ್ದರಲ್ಲಿ ತಪ್ಪೇನು? ಯಾರು ಓದಿದ್ದರೂ ಹೀಗೇ ಓದುತ್ತಿದ್ದರು.

ಡಾಕ್ಟರು ಮೊನ್ನೆ ಹೇಳಿದ ಅರ್ಥ ಬೇರೆ. ಸೂಜಿಯಲ್ಲಿ ಬಂದ ಅಂಶ ಸಾಲಲಿಲ್ಲ, ಆದ್ದರಿಂದ ರೋಗ ಇದೆ ಎಂದೂ ಹೇಳಲಾಗದು, ಇಲ್ಲ ಎಂದೂ ಹೇಳಲಾಗದು. ಹಾಗಿದ್ದರೆ "ಸಾಲಲಿಲ್ಲ" ಎಂದು ಬರೆಯಲು ಇವರ ಕೈಗೆ ಏನು ಬಡಿದಿತ್ತು?

ಕೆಳಗೆ "ರಿಪೀಟ್ ಅಡ್ವೈಸ್ಡ್" ಎಂದೂ ಇತ್ತು. ನೋಡಿದ್ದೆ. ಕಣ್ಣಿನ ಪರೀಕ್ಷೆ ವರ್ಷಕ್ಕೊಮ್ಮೆ ಮಾಡಿಸಿ ಅನ್ನುತ್ತಾರಲ್ಲ, ಅಂಥದ್ದೇ ಇರಬೇಕು ಅಂದುಕೊಂಡೆ. ಅಕ್ಕ ಕೇಳಿದ್ದಳು, "ಡಾಕ್ಟ್ರಿಗೊಂದ್ಸಲ ತೋರಿಸ್ಕೊಂಡು ಬರೋಣ್ವಾ?" ನಾನು, "ಇಲ್ಲ ಅಂತ ಬರೆದಿರೋದನ್ನ ಇಲ್ಲ ಅಂತ ಹೇಳಿಸ್ಕೊಳ್ಳೋಕೆ ಅರ್ಧ ದಿನ ಸಾಲಲ್ಲಿ ಕೂರ್ಬೇಕಾ?" ಅಂದಿದ್ದೆ. ಭಾವ ನಕ್ಕಿದ್ದರು. "ನಮ್ಮನೆ ಡಿಕ್ಷನರಿ ಹೇಳಿದ್ಮೇಲೆ ಮುಗೀತು."

ಈ ಮನೆಯಲ್ಲಿ ನನ್ನನ್ನು ಭಾವ ಕರೆಯುವುದೇ ಹಾಗೆ, ಡಿಕ್ಷನರಿ. ಅವರು ಬಸ್ ಡಿಪೋದ ಟೈರ್ ವಿಭಾಗದವರು. ಅಕ್ಕ ಹತ್ತನೆಯ ತರಗತಿಗೆ ನಿಲ್ಲಿಸಿದವಳು. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ನನ್ನ ಇಂಗ್ಲಿಷೇ ಇಲ್ಲಿ ದೊಡ್ಡದು. ಮದುವೆಯಾಗದೆ ಅಕ್ಕನ ಮನೆಯ ಮಹಡಿ ಕೋಣೆಯಲ್ಲಿ ಉಳಿದವಳಿಗೆ ಅದೊಂದು ಗೌರವವಾದರೂ ಇತ್ತು.

ಅಕ್ಟೋಬರ್ 16, ಸೋಮವಾರ

ಎರಡನೆಯ ಸೂಜಿ ಪರೀಕ್ಷೆಯ ರಿಪೋರ್ಟ್ ಬಂತು. "ಸಸ್ಪಿಷಿಯಸ್" ಅಂತೆ. ಅನುಮಾನಾಸ್ಪದ. ಪೊಲೀಸ್ ಠಾಣೆಯ ಪದ. ಗಂಟನ್ನು ಪೂರ್ತಿ ತೆಗೆದು ನೋಡಿದರೇ ಖಚಿತವಾಗುವುದಂತೆ. ನವೆಂಬರ್ ಮೂರಕ್ಕೆ ಆಪರೇಷನ್.

ತಾರಸಿಯಲ್ಲಿ ಬಟ್ಟೆ ಒಣಹಾಕುವಾಗ ಅಕ್ಕ ಬಂದು ಪಕ್ಕ ನಿಂತಳು. ಕ್ಲಿಪ್ಪುಗಳನ್ನು ಒಂದೊಂದಾಗಿ ನನ್ನ ಕೈಗೆ ಕೊಡುತ್ತಾ, ಆ ಒಡಕು ದನಿಯಲ್ಲಿ ಹೇಳಿದಳು.

"ಮಾರ್ಚ್ ವಿಷಯ ಮನೇಲಿ ಎತ್ಬೇಡ."

"ನಾನು ಹೇಳ್ಬೇಕು ಅಂತಿದ್ದೆ."

"ಹೇಳಿ ಏನಾಗತ್ತೆ? ಗಂಟು ಕರಗತ್ತಾ? ನಿಮ್ಮ ಭಾವನ ಸಿಟ್ಟು ಗೊತ್ತಲ್ಲ. ಆಮೇಲೆ ಈ ಮನೇಲಿ ನಿನಗೆ ಒಂದು ತುತ್ತು ಗಂಟಲಲ್ಲಿ ಇಳಿಯಲ್ಲ. ಸುಮ್ನಿರು."

ಸುಮ್ಮನಿದ್ದೇನೆ. ಅವಳೇ ಇರು ಅಂದಮೇಲೆ ನನ್ನದೇನಿದೆ? ಆದರೆ ಒಂದು ಮಾತು ಅವಳು ಹೇಳಲಿಲ್ಲ. "ನಿನ್ನ ತಪ್ಪಲ್ಲ ಬಿಡು" ಅನ್ನಲಿಲ್ಲ. ಕೊನೆಯ ಕ್ಲಿಪ್ ಕೊಟ್ಟು ಇಳಿದುಹೋದಳು.

ಅಕ್ಟೋಬರ್ 27, ಶುಕ್ರವಾರ

ಆಸ್ಪತ್ರೆಯವರ ಭಾಷೆಯನ್ನು ಈಗ ಕೂತು ಕಲಿಯುತ್ತಿದ್ದೇನೆ. ಗ್ರಂಥಾಲಯದ ಕೆಳಗಿನ ಕಪಾಟಿನಲ್ಲಿ ಹಳೆಯ ವೈದ್ಯಕೀಯ ನಿಘಂಟೊಂದಿದೆ, ಯಾರೋ ದಾನ ಕೊಟ್ಟದ್ದು. ನಾನು ನಮೂದಿಸಿದ ಮೇಲೆ ಒಬ್ಬರೂ ಮುಟ್ಟಿಲ್ಲ. ನಾನೂ ಮುಟ್ಟಿರಲಿಲ್ಲ.

ಅಕ್ಯೂಟ್ ಅಂದರೆ ತೀವ್ರ ಎಂದು ತಿಳಿದಿದ್ದೆ. ತೀವ್ರ ಅಲ್ಲ, ತಟ್ಟನೆ ಬಂದದ್ದು. ಕ್ರಾನಿಕ್ ಅಂದರೆ ಕೆಟ್ಟದ್ದು ಎಂದು ತಿಳಿದಿದ್ದೆ. ಕೆಟ್ಟದ್ದಲ್ಲ, ಬಹುಕಾಲದ್ದು. ಇಡಿಯೋಪಥಿಕ್ ಅಂದರೆ ಕಾರಣ ಯಾರಿಗೂ ಗೊತ್ತಿಲ್ಲ ಎಂದು. ಗೊತ್ತಿಲ್ಲ ಅನ್ನುವುದಕ್ಕೂ ಇವರಿಗೆ ಗ್ರೀಕ್ ಬೇಕು. ಪಾಸಿಟಿವ್ ಬಂದರೆ ಅಳಬೇಕು, ನೆಗೆಟಿವ್ ಬಂದರೆ ನಗಬೇಕು. ಅಕ್ಕನ ಕೇಸ್ ಶೀಟಿನಲ್ಲಿ ಬರೆದಿದ್ದಾರೆ: ರೋಗಿ ದನಿ ಒಡಕಿನ ಬಗ್ಗೆ "ಕಂಪ್ಲೇನ್" ಮಾಡುತ್ತಾರೆ, ನೋವನ್ನು "ಡಿನೈ" ಮಾಡುತ್ತಾರೆ. ಅಂದರೆ ದೂರುತ್ತಾಳೆ, ನಿರಾಕರಿಸುತ್ತಾಳೆ. ಜನ್ಮದಲ್ಲಿ ಯಾರನ್ನೂ ದೂರಿ ಗೊತ್ತಿಲ್ಲದವಳ ಮೇಲೆ ಇದನ್ನು ಬರೆಯುತ್ತಾರೆ, ಕಟಕಟೆಯಲ್ಲಿ ನಿಲ್ಲಿಸಿದ ಹಾಗೆ.

ಮಧ್ಯಾಹ್ನ ವ್ಯಾಯಾಮದ ಮೇಷ್ಟ್ರು ತಾಯಿಯ ರಕ್ತ ಪರೀಕ್ಷೆಯ ಕಾಗದ ಹಿಡಿದು ಬಂದರು. "ಮೇಡಂ, ಸ್ವಲ್ಪ ನೋಡಿ ಹೇಳ್ತೀರಾ, ನೀವಾದ್ರೆ ತಿಳಿದೋರು." ಕೈ ಚಾಚಬೇಕೆಂದಿದ್ದೆ. ಬಾಯಿಂದ ಬಂದದ್ದು, "ನಾನೇನು ಲ್ಯಾಬಾ? ಡಾಕ್ಟ್ರ ಹತ್ರ ಹೋಗಿ" ಎಂಬ ಮಾತು. ಪಾಪ, ಕಾಗದ ಮಡಚಿಕೊಂಡು ಹೋದರು. ಬೆಳಗಿನಿಂದ ತಲೆನೋವಿತ್ತು, ಅದಕ್ಕೇ ಹಾಗಾಯಿತು.

ನವೆಂಬರ್ 3, ಶುಕ್ರವಾರ

ಬೆಳಿಗ್ಗೆ ಏಳೂವರೆಗೆ ಒಳಗೆ ಕರೆದುಕೊಂಡು ಹೋದರು. ಒಂದು ಗಂಟೆಗೆ ಮುಗಿಯುತ್ತದೆ ಎಂದಿದ್ದರು. ಮೂರಾಯಿತು. ಭಾವ ಕಾರಿಡಾರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದದ್ದೇ ನಡೆದದ್ದು. ಅಕ್ಕನ ಮಗಳು ಗುಬ್ಬಿ ನನ್ನ ಭುಜಕ್ಕೆ ಒರಗಿ ಕೂತಿದ್ದಳು. ಇಪ್ಪತ್ತೆರಡಾದರೂ, ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದರೂ ಅವಳು ನಮಗೆ ಗುಬ್ಬಿಯೇ.

"ಚಿಕ್ಕಮ್ಮಾ, ಅಮ್ಮ ಯಾಕೆ ಮೊದ್ಲೇ ಬರ್ಲಿಲ್ಲ? ಅಷ್ಟು ಅಸಡ್ಡೆ ಯಾಕೆ ಮಾಡಿದ್ಲು?"

"ಕೆಲಸ ಜಾಸ್ತಿ ಇತ್ತಲ್ಲ" ಎಂದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನಾದರೂ ವಾಸಿ. ನಾನು ಕುಂಬಳಕಾಯಿಯನ್ನು ಅಕ್ಕನ ಹೆಗಲ ಮೇಲೆ ಎತ್ತಿಟ್ಟೆ.

ನವೆಂಬರ್ 4, ಶನಿವಾರ

ಸರ್ಜನ್ ಬಂದು ಹೇಳಿದರು. "ಗಂಟು ಪೂರ್ತಿ ಬಂತು. ಆದ್ರೆ ಬಲಗಡೆ ದನಿಯ ನರಕ್ಕೆ ಸುತ್ಕೊಂಡಿತ್ತು. ಆ ನರ ಸ್ಯಾಕ್ರಿಫೈಸ್ ಮಾಡ್ಬೇಕಾಯ್ತು."

ಸ್ಯಾಕ್ರಿಫೈಸ್ ಅಂದರೆ ಇಲ್ಲಿ ಕತ್ತರಿಸುವುದು. ಯಾರು ಯಾರಿಗಾಗಿ ತ್ಯಾಗ ಮಾಡಿದರೋ.

ಭಾವ ಕೇಳಿದರು, "ಮತ್ತೆ ಅವಳ ದನಿ?"

"ಮಾತಾಡ್ತಾರೆ. ಪಿಸುಮಾತಿನ ಹಾಗೆ ಬರತ್ತೆ. ಅಭ್ಯಾಸ ಮಾಡಿದ್ರೆ ಸ್ವಲ್ಪ ಸುಧಾರಿಸಬಹುದು. ಮೈಕಿನ ಕೆಲಸ ಮಾತ್ರ ಕಷ್ಟ."

ಅವರ ಹಿಂದೆಯೇ ಹೋಗುತ್ತಿದ್ದ ಕಿರಿಯ ವೈದ್ಯೆಯನ್ನು ನಾನು ಮೆಟ್ಟಿಲ ಬಳಿ ತಡೆದೆ. "ಮಾರ್ಚ್‌ನಲ್ಲೇ ಮಾಡಿದ್ರೆ ನರ ಉಳೀತಿತ್ತಾ?"

"ಹಾಗೆಲ್ಲ ಖಚಿತವಾಗಿ ಹೇಳೋಕಾಗಲ್ಲ ಮೇಡಂ."

"ಖಚಿತವಾಗಿ ಬೇಡ. ನಿಮಗೇನನ್ನಿಸುತ್ತೆ?"

ಅವಳು ಚಿಕ್ಕವಳು, ಇನ್ನೂ ಸುಳ್ಳು ಕಲಿತಿಲ್ಲ. "ಆಗ ಚಿಕ್ಕದಿತ್ತಲ್ವಾ. ಉಳೀತಿತ್ತೇನೋ" ಎಂದಳು.

ನಾನೇ ಕೇಳಿ ಪಡೆದದ್ದು.

ನವೆಂಬರ್ 10, ಶುಕ್ರವಾರ

ಮನೆಗೆ ಬಂದೆವು. ಡಿಸ್ಚಾರ್ಜ್ ಕಾಗದದಲ್ಲಿ ಬರೆದಿದೆ: ಶಸ್ತ್ರಚಿಕಿತ್ಸೆಯ ನಂತರದ ದಿನಗಳು "ಅನ್‌ಈವೆಂಟ್‌ಫುಲ್". ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ ಎಂದು. ನೀರು ಕುಡಿದರೆ ಅಕ್ಕನಿಗೆ ನೆತ್ತಿಗೇರಿ ಕೆಮ್ಮು ಬರುತ್ತದೆ. ಮಗಳ ಹೆಸರು ಕೂಗಲು ಹೋಗಿ ಬರೀ ಗಾಳಿ ಹೊರಬಂದಾಗ ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಏನೂ ನಡೆಯಲಿಲ್ಲ.

ಮಾತ್ರೆಯ ಚೀಟಿ ಓದಿ ಹೇಳಲು ನಾನು ಕೈಚಾಚಿದೆ. ಅಕ್ಕ ಫೈಲನ್ನು ನನ್ನ ಕೈಗೆ ಕೊಡಲಿಲ್ಲ. ಪಕ್ಕಕ್ಕೆ, ಗುಬ್ಬಿಯ ಮಡಿಲಿಗೆ ಇಟ್ಟಳು.

"ಇನ್ಮೇಲೆ ಕಾಗದ ಎಲ್ಲ ಗುಬ್ಬಿ ನೋಡ್ಲಿ" ಎಂದಳು ಪಿಸುದನಿಯಲ್ಲಿ.

ಭಾವನಿಗೆ ಅರ್ಥವಾಗಲಿಲ್ಲ. "ಯಾಕೆ, ಡಿಕ್ಷನರಿ ಇದ್ದಾಳಲ್ಲ?"

"ಅವಳಿಗೆ ಶಾಲೆ ಕೆಲಸ ಇರತ್ತೆ."

ಮರ್ಯಾದೆಯಿಂದಲೇ ಹೇಳಿದಳು. ಕೆನ್ನೆಗೆ ಹೊಡೆದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಆ ಹುಡುಗಿಗೆ "ಆಫ್ಟರ್ ಫುಡ್" ಅನ್ನುವುದನ್ನೂ ಎರಡು ಸಲ ಓದಬೇಕು. ನಾನು ಇಷ್ಟು ದಿನದಲ್ಲಿ ಆ ನಿಘಂಟನ್ನು ಅರ್ಧ ಬಾಯಿಪಾಠ ಮಾಡಿದ್ದೇನೆ. ಈಗ ಕಲಿತದ್ದು ಯಾರಿಗೆ ಬೇಕು!

ನವೆಂಬರ್ 22, ಬುಧವಾರ

ತೆಗೆದ ಗಂಟಿನ ಪರೀಕ್ಷೆಯ ಫಲಿತಾಂಶ ಬಂತು. ಕ್ಯಾನ್ಸರ್. ಡಾಕ್ಟರು ಧೈರ್ಯ ಹೇಳಿದರಂತೆ: "ಇದು ಒಳ್ಳೆ ಕ್ಯಾನ್ಸರ್, ನಿಧಾನದ್ದು, ಮುಕ್ಕಾಲು ಪಾಲು ಜನ ಚೆನ್ನಾಗೇ ಇರ್ತಾರೆ." ಗುಬ್ಬಿ ಬಂದು ಹೇಳಿದಳು. ಒಳ್ಳೆ ಕ್ಯಾನ್ಸರ್. ಒಳ್ಳೆ ಕಳ್ಳ, ಒಳ್ಳೆ ಬೆಂಕಿ ಎಂದ ಹಾಗೆ.

ನನಗೆ ಕಾಗದ ತೋರಿಸಲಿಲ್ಲ. ನಾನು ಕೇಳಲೂ ಇಲ್ಲ.

ಡಿಸೆಂಬರ್ 19, ಮಂಗಳವಾರ

ಅಳಿದುಳಿದ ರೋಗಕ್ಕೆ ವಿಕಿರಣದ ಅಯೋಡಿನ್ ಕುಡಿಸಿ ಅಕ್ಕನನ್ನು ಮೂರು ದಿನ ಒಂಟಿ ಕೋಣೆಯಲ್ಲಿ ಇಟ್ಟಿದ್ದಾರೆ. ಮೈಯಿಂದ ಕಿರಣ ಹೊರಡುವುದರಿಂದ ಯಾರೂ ಹತ್ತಿರ ಹೋಗುವಂತಿಲ್ಲ. ಸಂಜೆ ನಾನು ಹೋದೆ. ಬಾಗಿಲಿನ ಗಾಜಿನ ಕಿಂಡಿಯಿಂದ ನೋಡಿದರೆ ಅವಳು ಮಂಚದ ಮೇಲೆ ಕೂತು ಬಾಚಣಿಗೆಯಿಂದ ತಲೆ ಬಾಚುತ್ತಿದ್ದಳು. ಕೈ ಎತ್ತಿದೆ. ಅವಳೂ ಎತ್ತಿದಳು. ಗಾಜು ಇಲ್ಲದಿದ್ದರೂ ಈಗ ನಮ್ಮ ನಡುವೆ ಇಷ್ಟೇ ಮಾತು.

ಜನವರಿ 18, ಗುರುವಾರ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ಇದನ್ನು ಇನ್ನಾರಿಗೆ ಹೇಳಲಿ?

ಬಸ್ ನಿಲ್ದಾಣದ ಆಡಳಿತದವರು ಅಕ್ಕನನ್ನು ವೈದ್ಯಕೀಯ ಮಂಡಳಿಯ ಮುಂದೆ ಕರೆದಿದ್ದರು. ದನಿ ಹೋದವಳಿಗೆ ಬೇರೆ ಕೆಲಸ ಕೊಡಬೇಕೋ, ಮನೆಗೆ ಕಳಿಸಬೇಕೋ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಭಾವ ಜೊತೆಗೆ ಹೋಗಿದ್ದರು. ಅಧಿಕಾರಿ ಆಸ್ಪತ್ರೆಯ ಫೈಲಿನ ಒಂದು ಸಾಲಿನ ಮೇಲೆ ಬೆರಳಿಟ್ಟನಂತೆ. "ಪೇಷಂಟ್ ನಾನ್‌ಕಂಪ್ಲಯಂಟ್. ಲಾಸ್ಟ್ ಟು ಫಾಲೋಅಪ್." ರೋಗಿ ಸಲಹೆ ಪಾಲಿಸಲಿಲ್ಲ, ಹೇಳಿದಾಗ ಮರಳಿ ಬರಲಿಲ್ಲ.

"ತಮ್ಮ ಆರೋಗ್ಯವನ್ನ ತಾವೇ ನಿರ್ಲಕ್ಷಿಸಿದ್ದಾರೆ. ಇದಕ್ಕೆ ಸಂಸ್ಥೆ ಹೇಗೆ ಹೊಣೆ? ಬದಲಿ ಕೆಲಸ ಕಷ್ಟ" ಎಂದನಂತೆ. ಇನ್ನೊಂದು ಸಲ ಕರೆಯುತ್ತಾರೆ, ಫೆಬ್ರುವರಿಯಲ್ಲಿ. ಅದೇ ಕೊನೆ.

ಊಟಕ್ಕೆ ಕೂತಾಗ ಭಾವನ ಸಿಟ್ಟು ಒಡೆಯಿತು.

"ಯಾಕೆ ಹೋಗ್ಲಿಲ್ಲ ನೀನು? ಹಾಂ? ಬರೆದು ಕೊಟ್ಟಿದ್ರಲ್ಲ ಅವ್ರು! ಒಂದು ದಿನ ರಜ ಹಾಕಿ ಹೋಗೋಕೆ ಏನಾಗಿತ್ತು? ಇಪ್ಪತ್ತಾರು ವರ್ಷದ ಕೆಲಸ! ಊರಿಗೆಲ್ಲ ಹೊತ್ತು ಹೇಳ್ತಿದ್ದೆ, ನಿನ್ನ ಹೊತ್ತು ನಿನಗೆ ಗೊತ್ತಾಗ್ಲಿಲ್ವಾ?"

ಅಕ್ಕ ತಟ್ಟೆ ನೋಡುತ್ತಾ ಕೂತಿದ್ದಳು. ಏನೋ ಅನ್ನಲು ಹೋದಳು, ಕೆಮ್ಮು ಬಂತು. ಭಾವ ಅದಕ್ಕೂ ರೇಗಿದರು. "ಈಗ ಕೆಮ್ಮು!"

ಗುಬ್ಬಿ ಎದ್ದು ನೀರು ತಂದಳು. "ಅಪ್ಪಾ, ಸಾಕು ಬಿಡು. ಅವಳಿಗೂ ಸಂಕಟ ಇಲ್ವಾ?" ಎಂದಳು. ಆದರೆ ಅವಳೂ ತಾಯಿಯ ಕಡೆ ನೋಡಿದ ನೋಟದಲ್ಲಿ ಅದೇ ಪ್ರಶ್ನೆ ಇತ್ತು.

ನಾನು ಅಲ್ಲೇ ಇದ್ದೆ. ನನ್ನ ತಟ್ಟೆಯಲ್ಲಿ ಅನ್ನವಿತ್ತು. ಅದನ್ನು ಪೂರ್ತಿ ಉಂಡು, ತಟ್ಟೆ ತೊಳೆದಿಟ್ಟು, ಮಹಡಿಗೆ ಬಂದೆ.

ಜನವರಿ 19, ಶುಕ್ರವಾರ

ಇವತ್ತೂ ಹೇಳಲಿಲ್ಲ.

ಜನವರಿ 20, ಶನಿವಾರ

ಇಲ್ಲ.

ಜನವರಿ 23, ಮಂಗಳವಾರ

ಶಾಲೆಗೆ ಅರ್ಧ ದಿನ ರಜ ಹಾಕಿ ಆಸ್ಪತ್ರೆಗೆ ಹೋದೆ. ಡಾಕ್ಟರ ಕೋಣೆಯ ಹೊರಗೆ ಎರಡು ಗಂಟೆ ಕಾದೆ. ಮಾರ್ಚ್‌ನಲ್ಲಿ ಉಳಿಸಿಕೊಂಡ ಅರ್ಧ ದಿನ ಇದೇ ಇರಬೇಕು.

"ನಮ್ಮಕ್ಕ ಸಲಹೆ ಪಾಲಿಸಲಿಲ್ಲ ಅಂತ ನೀವು ಬರೆದಿದ್ದೀರಿ. ಅದು ಸುಳ್ಳು" ಎಂದೆ, ಕೂರುವ ಮೊದಲೇ.

ಅವರು ಕನ್ನಡಕ ತೆಗೆದರು. "ಅವರೇ ಹೇಳಿದ್ರಲ್ಲ, ಮುಂದೂಡಿದೆ ಅಂತ."

"ನನ್ನ ಉಳಿಸೋಕೆ ಹೇಳಿದ್ಲು. ರಿಪೋರ್ಟ್ ಓದಿದ್ದು ನಾನು. ರೋಗ ಇಲ್ಲ ಅಂತ ಹೇಳಿದ್ದು ನಾನು. ಡಾಕ್ಟ್ರಿಗೆ ತೋರಿಸೋಣ ಅಂತ ಅವಳು ಕೇಳಿದ್ಲು. ಬೇಡ ಅಂದಿದ್ದೂ ನಾನೇ."

ಮೂರು ತಿಂಗಳು ಹೊತ್ತದ್ದು ಮೂರು ಸಾಲಿನಲ್ಲಿ ಮುಗಿದುಹೋಯಿತು. ಇಷ್ಟೇ ಎಂದು ಆಶ್ಚರ್ಯವಾಯಿತು.

ಡಾಕ್ಟರು ಫೈಲ್ ತರಿಸಿ ಮಾರ್ಚ್ ರಿಪೋರ್ಟ್ ತೆಗೆದರು. "ಸ್ಪಷ್ಟವಾಗೇ ಇದೆಯಲ್ಲ. ರಿಪೀಟ್ ಅಡ್ವೈಸ್ಡ್."

"ನಿಮಗೆ ಸ್ಪಷ್ಟ. ಕಿಟಕಿಯಿಂದ ಕಾಗದ ಕೊಟ್ಟು ಕಳಿಸಿದ್ರು ಸರ್. ನೀವು ಅವತ್ತು ರಜದಲ್ಲಿದ್ರಿ. ಬರಲಿಲ್ಲ ಅಂತ ಏಳು ತಿಂಗಳಲ್ಲಿ ಒಂದು ಫೋನ್ ಮಾಡಿದ್ರಾ? ನೀವೂ ಬರೆದಿರಿ, ಹೇಳಲಿಲ್ಲ. ನಾನು ಹೇಳಿದೆ, ತಿಳಿಯದೆ. ಮಧ್ಯದಲ್ಲಿ ಅವಳ ದನಿ ಹೋಯ್ತು. ಆದ್ರೆ ಫೈಲಿನಲ್ಲಿ ತಪ್ಪು ಬಿದ್ದಿರೋದು ಅವಳೊಬ್ಬಳ ಮೇಲೆ."

ಬೈಯುತ್ತಾರೆಂದು ಕಾದೆ. ಅವರು ಬೈಯಲಿಲ್ಲ. ಆ ಕಾಗದವನ್ನು ಮೊದಲಿನಿಂದ ಇನ್ನೊಮ್ಮೆ ಓದಿದರು. ಅವರಿಗೂ ಅದು ಮೊದಲ ಸಲ ಗೊತ್ತಿಲ್ಲದ ಭಾಷೆಯ ಹಾಗೆ ಕಂಡಿತೋ ಏನೋ.

"ಬರೆದಿದ್ದನ್ನ ಅಳಿಸೋಕೆ ಬರಲ್ಲ" ಎಂದರು ಕೊನೆಗೆ. "ಸೇರಿಸ್ಬಹುದು. ವರದಿಯ ಅರ್ಥವನ್ನ ರೋಗಿಗೆ ಯಾರೂ ವಿವರಿಸಿರಲಿಲ್ಲ ಅಂತ ನಾನು ಸೇರಿಸ್ತೀನಿ. ನೀವು ನಡೆದದ್ದನ್ನ ಬರೆದು ಸಹಿ ಮಾಡಿ ಕೊಡಿ. ಮಂಡಳಿಯಲ್ಲಿ ಅದನ್ನ ಓದ್ತಾರೆ. ಮನೆಯವರೂ ಅಲ್ಲಿರ್ತಾರೆ, ಯೋಚನೆ ಮಾಡಿ."

ಅಲ್ಲೇ, ಅವರ ಮೇಜಿನ ತುದಿಯಲ್ಲಿ ಬರೆದೆ. "ವರದಿಯನ್ನು ತಪ್ಪಾಗಿ ಓದಲಾಯಿತು" ಎಂದು ಶುರುಮಾಡಿದೆ. ನೋಡಿದರೆ ಅದೂ ಅವರ ಭಾಷೆಯೇ; ಯಾರು ಓದಿದ್ದು ಎಂಬುದೇ ಇಲ್ಲ. ಹರಿದು ಹಾಕಿದೆ. "ನಾನು ತಪ್ಪಾಗಿ ಓದಿದೆ" ಎಂದು ಬರೆದೆ.

ಫೆಬ್ರುವರಿ 8, ಗುರುವಾರ

ಮಂಡಳಿಯ ಕೋಣೆಯಲ್ಲಿ ಮೂವರು ಅಧಿಕಾರಿಗಳು. ಈ ಕಡೆ ಅಕ್ಕ, ಭಾವ, ನಾನು. ನಾನೂ ಬರುತ್ತೇನೆಂದಾಗ ಅಕ್ಕ ಬೇಡವೆಂದಿದ್ದಳು. ಬಂದೆ.

ಗುಮಾಸ್ತೆಯೊಬ್ಬಳು ನನ್ನ ಹೇಳಿಕೆಯನ್ನು ಜೋರಾಗಿ ಓದಿದಳು. ಅವಳ ದನಿ ಚೆನ್ನಾಗಿತ್ತು. ಪ್ರತಿ ಪದವೂ ಕಡೆಯ ಗೋಡೆಗೆ ಮುಟ್ಟುತ್ತಿತ್ತು. "...ನನ್ನ ಅಕ್ಕ ವೈದ್ಯರನ್ನು ಕಾಣೋಣವೆಂದು ಕೇಳಿದರೂ ನಾನು ಅಗತ್ಯವಿಲ್ಲವೆಂದು ತಡೆದೆ..."

ಭಾವ ಮೊದಲು ಗುಮಾಸ್ತೆಯನ್ನು ನೋಡಿದರು, ಆಮೇಲೆ ಅಕ್ಕನನ್ನು, ಕೊನೆಗೆ ನನ್ನನ್ನು. ಕೂಗಾಡುತ್ತಾರೆ ಎಂದು ಹೆದರಿದ್ದೆ. ಅವರು ಕುರ್ಚಿಯನ್ನು ಸ್ವಲ್ಪ ಆ ಕಡೆಗೆ ಸರಿಸಿಕೊಂಡರು, ಅಷ್ಟೇ.

ಅಕ್ಕನಿಗೆ ಬದಲಿ ಕೆಲಸ ಸಿಕ್ಕಿತು. ಬಸ್ಸಿನಲ್ಲಿ ಜನ ಮರೆತುಹೋದ ಸಾಮಾನುಗಳನ್ನು ಕೂಡಿಡುವ ಕೋಣೆಯ ಉಸ್ತುವಾರಿ. ಕೊಡೆ, ಚೀಲ, ಊಟದ ಡಬ್ಬಿ, ಒಂಟಿ ಚಪ್ಪಲಿ. ಅಲ್ಲಿ ಮಾತು ಹೆಚ್ಚು ಬೇಕಿಲ್ಲ.

ಹೊರಗೆ ಬಂದಾಗ ನಾನು ಏನನ್ನು ಎದುರುನೋಡಿದ್ದೆ? ಕೈ ಹಿಡಿಯುತ್ತಾಳೆ ಎಂದೇ? ಅಕ್ಕ ಮೆಟ್ಟಿಲ ಮೇಲೆ ನಿಂತು ನನ್ನ ಕಡೆ ತಿರುಗಿದಳು. ಅವಳ ಮಾತು ಕೇಳಬೇಕಾದರೆ ಈಗ ಹತ್ತಿರ ಹೋಗಬೇಕು. ಹೋದೆ.

"ನಿನ್ನನ್ನ ಕೇಳಿದ್ನಾ ನಾನು?"

"ನಿನ್ನ ಕೆಲಸ ಹೋಗ್ತಿತ್ತಲ್ಲೇ."

"ಹೋದ್ರೆ ನಂದು ಹೋಗ್ತಿತ್ತು. ಅವತ್ತು ಡಾಕ್ಟ್ರ ಮುಂದೆ ಹೇಳ್ಬೇಕಿತ್ತು ನೀನು. ಅವತ್ತು ಹೇಳಿದ್ರೆ ನಿಂಗೆ ಮರ್ಯಾದೆ ಇರ್ತಿತ್ತು. ನಾನು ಮುಚ್ಚೋದು, ನೀನು ಕಾಯೋದು, ಬೇಕಾದಾಗ ಬಿಚ್ಚೋದು. ಎರಡರಲ್ಲೂ ನಿಂದೇ ನಡೀಬೇಕು, ಅಲ್ವಾ?"

ಇಷ್ಟನ್ನು ಹೇಳಲು ಅವಳು ನಾಲ್ಕು ಸಲ ಉಸಿರು ತೆಗೆದುಕೊಂಡಳು. ಪ್ರತಿ ಸಲವೂ ನಾನು ಕಾದೆ.

ಮಾರ್ಚ್ 3, ಭಾನುವಾರ

ಭಾವ ಮನೆ ಬಿಡು ಎನ್ನಲಿಲ್ಲ. ಡಿಕ್ಷನರಿ ಎನ್ನುವುದನ್ನೂ ಬಿಟ್ಟರು. ನನ್ನನ್ನು ಏನೆಂದೂ ಕರೆಯುವುದಿಲ್ಲ. ನಾನು ಅಡುಗೆಮನೆಗೆ ಬಂದರೆ ಅವರು ಹಿತ್ತಿಲಿಗೆ ಹೋಗುತ್ತಾರೆ. ಗುಬ್ಬಿ ಮಾತಾಡುತ್ತಾಳೆ, ಗಿರಾಕಿಗಳ ಜೊತೆ ಮಾತಾಡುವಷ್ಟು ನಯವಾಗಿ.

ಶಾಲೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದೆ. ಇವತ್ತು ಸಾಮಾನು ಸಾಗಿಸಿದೆ. ಎರಡು ಪೆಟ್ಟಿಗೆ ಬಟ್ಟೆ, ಆರು ಪೆಟ್ಟಿಗೆ ಪುಸ್ತಕ. ಅಕ್ಕ ಬಾಗಿಲಲ್ಲಿ ನಿಂತಿದ್ದಳು.

"ಹೋಗ್ಲೇಬೇಕಾ?" ಎಂದು ಕೇಳಬಹುದಿತ್ತು. ಕೇಳಲಿಲ್ಲ.

"ದಿಂಬು ಎರಡೂ ತಗೊಂಡು ಹೋಗು. ನಿಂಗೆ ಒಂದು ಸಾಲಲ್ಲ" ಎಂದಳು.

ಏಪ್ರಿಲ್ 17, ಬುಧವಾರ

ವ್ಯಾಯಾಮದ ಮೇಷ್ಟ್ರ ತಾಯಿ ಈಗ ಗುಣವಾಗಿದ್ದಾರಂತೆ. ನಾನೇ ಹೋಗಿ ವಿಚಾರಿಸಿದೆ. "ನೀವು ಅವತ್ತು ಬೈದಿದ್ದೇ ಒಳ್ಳೇದಾಯ್ತು ಮೇಡಂ, ನೆಟ್ಟಗೆ ಡಾಕ್ಟ್ರ ಹತ್ರ ಹೋದೆ" ಎಂದು ನಕ್ಕರು. ನನಗೆ ನಗಲಾಗಲಿಲ್ಲ. ಪರರ ತಾಯಿಗೆ ದಕ್ಕಿದ ಬುದ್ಧಿ ಒಂದು ವರ್ಷ ಮೊದಲು ನಮ್ಮ ಮನೆಗೆ ದಕ್ಕಲಿಲ್ಲ.

ಜೂನ್ 18, ಮಂಗಳವಾರ

ನಿನ್ನೆ ಗುಬ್ಬಿ ಫೋನ್ ಮಾಡಿದ್ದಳು. ಅಕ್ಕನ ಆರು ತಿಂಗಳ ಸ್ಕ್ಯಾನ್ ರಿಪೋರ್ಟ್ ಇವತ್ತು ಸಿಗುತ್ತದೆ, ಅಪ್ಪನಿಗೆ ಡಿಪೋದಲ್ಲಿ ರಜ ಸಿಗಲಿಲ್ಲ, ಬರುತ್ತೀರಾ ಎಂದು. ಅಕ್ಕ ಕರೆಯಿಸಿದಳೋ, ಅವಳೇ ಕರೆದಳೋ, ಕೇಳಲಿಲ್ಲ. ಹೇಳಿದ ಹೊತ್ತಿಗಿಂತ ಮೊದಲೇ ಹೋಗಿ ನಿಂತಿದ್ದೆ.

ಅಕ್ಕ ಸೊರಗಿದ್ದಾಳೆ, ಮುಖದಲ್ಲಿ ಮಾತ್ರ ಗೆಲುವಿದೆ. ಹೊಸ ಕೆಲಸದ ಬಗ್ಗೆ ಗುಬ್ಬಿಯೇ ಹೇಳಿದಳು. ಯಾರೋ ಮುದುಕ ಬಸ್ಸಿನಲ್ಲಿ ಹಲ್ಲಿನ ಸೆಟ್ ಮರೆತುಹೋಗಿ ಮೂರು ದಿನದ ಮೇಲೆ ಹುಡುಕಿಕೊಂಡು ಬಂದನಂತೆ. ಅವನಿಗೆ ಹಲ್ಲಿಲ್ಲದೆ ಮಾತು ಬಾರದು, ಅಕ್ಕನಿಗೆ ದನಿಯಿಲ್ಲದೆ ಮಾತು ಬಾರದು. ಇಬ್ಬರೂ ಕಾಲು ಗಂಟೆ ಕೈಸನ್ನೆ ಮಾಡಿದರಂತೆ. ಅಕ್ಕ ದನಿಯಿಲ್ಲದೆ ನಕ್ಕಳು, ಹೆಗಲು ಕುಣಿಯಿತು. ನಾನೂ ನಕ್ಕೆ. ನಕ್ಕ ಮೇಲೆ ಇಬ್ಬರೂ ಬೇರೆ ಬೇರೆ ಕಡೆ ನೋಡಿದೆವು.

ಕಿಟಕಿಯಿಂದ ಲಕೋಟೆ ಬಂತು. ಗುಬ್ಬಿ ಬಿಡಿಸಿ, ಬೆರಳಿಟ್ಟು ಸಾಲು ಸಾಲಾಗಿ ಓದಿದಳು. ಕೊನೆಯಲ್ಲಿ ಅವಳ ಮುಖ ಅರಳಿತು.

"ಚಿಕ್ಕಮ್ಮಾ, 'ನೋ ಎವಿಡೆನ್ಸ್ ಆಫ್ ಡಿಸೀಸ್' ಅಂದ್ರೆ ಹೋಯ್ತು ಅಂತ ತಾನೇ? ಪೂರ್ತಿ ಇಲ್ಲ ಅಂತ ತಾನೇ?"

ಅಕ್ಕ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಆ ನಾಲ್ಕು ಪದಗಳ ಅರ್ಥ ನನಗೆ ಈಗ ಗೊತ್ತಿದೆ. ರೋಗದ ಕುರುಹು ಕಾಣಲಿಲ್ಲ ಎನ್ನುವುದಕ್ಕೂ ರೋಗವಿಲ್ಲ ಎನ್ನುವುದಕ್ಕೂ ನಡುವೆ ಎಷ್ಟು ದೂರ ಎಂಬುದೂ ಗೊತ್ತಿದೆ. ಹೇಳಿದ್ದರೆ ಈ ಸಲ ಸರಿಯಾಗಿಯೇ ಹೇಳುತ್ತಿದ್ದೆ.

"ಡಾಕ್ಟ್ರನ್ನ ಕೇಳು" ಎಂದೆ.

ನರ್ಸ್ ಅಕ್ಕನನ್ನು ಕರೆದಳು. ತಾಯಿ ಮಗಳು ಎದ್ದು ಹೋದರು. ನಾನು ಬೆಂಚಿನ ಮೇಲೆ ಚೀಲಗಳನ್ನು ಕಾಯುತ್ತಾ ಕೂತೆ. ಬಾಗಿಲ ಬಳಿ ಅಕ್ಕ ನಿಂತಳು, ಹಿಂದೆ ತಿರುಗಿದಳು, ಏನೋ ಅಂದಳು. ಆ ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ.

"ಚಿಕ್ಕಮ್ಮಾ," ಗುಬ್ಬಿ ಕೂಗಿದಳು, "ನೀನೂ ಒಳಗೆ ಬರ್ಬೇಕಂತೆ."

ಚೀಲಗಳನ್ನು ಎತ್ತಿಕೊಂಡು ಹೋದೆ. ಒಳಗೆ ಎರಡೇ ಕುರ್ಚಿಗಳಿದ್ದವು. ನಾನು ನಿಂತುಕೊಂಡೆ.